ಮಕ್ಕಳು ಕೇಳಿದ್ದಕ್ಕೆ ಉತ್ತರ ವಾಪಸ್ ಬರಬೇಕು: ಐರ್ಲೆಂಡಿನಿಂದ ಶಿಡ್ಲಘಟ್ಟದವರಿಗೆ

2019ರ ನವೆಂಬರ್‌ನಲ್ಲಿ ಒಂದು ದಿನ ಐರ್ಲೆಂಡಿನ ಸಂಸತ್ತಿನ ಕೆಳಮನೆಯಲ್ಲಿ ಸಂಸದರ ಜಾಗದಲ್ಲಿ ಮಕ್ಕಳು ಕೂತಿದ್ದರು. 10ರಿಂದ 17 ವರ್ಷದೊಳಗಿನ 157 ಮಕ್ಕಳು. ಶಾಲೆಯಿಂದ ಪ್ರವಾಸ ಬಂದು ಗ್ಯಾಲರಿಯಲ್ಲಿ ಕೂತು ನೋಡಿ ಹೋದವರಲ್ಲ. ಹವಾಮಾನದ ಬಗ್ಗೆ ದೇಶ ಏನು ಮಾಡಬೇಕು ಅಂತ ಚರ್ಚೆ ಮಾಡಿ, 10 ಶಿಫಾರಸುಗಳನ್ನು ಮುಂದಿಟ್ಟರು. ದೊಡ್ಡ ಕಂಪನಿಗಳು ಬಿಡುವ ಹೊಗೆಗೆ ಹಂತಹಂತವಾಗಿ ತೆರಿಗೆ ಹಾಕಿ ಅನ್ನೋದೂ ಅದರಲ್ಲಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಇದೇ ಸದನ ಹವಾಮಾನ ತುರ್ತುಸ್ಥಿತಿ ಘೋಷಿಸಿತ್ತು.

ನಾನು ಶಿಡ್ಲಘಟ್ಟದ ಕಡೆಯವನು. ಈಗ ಇರೋದು ಐರ್ಲೆಂಡಿನ ಕಾರ್ಕ್ ನಗರದ ಹತ್ತಿರ. ಇಲ್ಲಿ ನೋಡಿದ್ದನ್ನು ಊರಿನವರಿಗೆ ಹೇಳಬೇಕು ಅನ್ನಿಸಿದ್ದು ಯಾಕೆಂದರೆ, ಈ ವಿಷಯದಲ್ಲಿ ನಮ್ಮ ಹತ್ತಿರ ಆಗಲೇ ಇರುವುದು ಸಣ್ಣದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

2022ರಲ್ಲಿ ಇಲ್ಲಿ ಇನ್ನೊಂದು ಕೆಲಸ ಆಯಿತು. ಗಿಡ, ಪ್ರಾಣಿ, ಹುಳ, ಹಕ್ಕಿಗಳ ನಾಶದ ಬಗ್ಗೆ ದೊಡ್ಡವರ ನಾಗರಿಕ ಸಭೆ, ಅಂದರೆ ಸಾಮಾನ್ಯ ಜನರನ್ನು ಸೇರಿಸಿ ಸಲಹೆ ಕೇಳುವ ಸಭೆ, ನಡೆಯುತ್ತಿದ್ದಾಗಲೇ ಮಕ್ಕಳದ್ದೇ ಒಂದು ಸಭೆ ಸೇರಿಸಿದರು. ದೇಶದ ಬೇರೆ ಬೇರೆ ಕಡೆಯಿಂದ 35 ಮಕ್ಕಳು, ವಯಸ್ಸು 7ರಿಂದ 17. ಇಂಗ್ಲಿಷ್ ಚೆನ್ನಾಗಿ ಮಾತಾಡುವವರನ್ನೋ, ಟೀಚರ್‌ಗೆ ಇಷ್ಟವಾದವರನ್ನೋ ಆರಿಸಲಿಲ್ಲ. ಚೀಟಿ ಎತ್ತಿದ ಹಾಗೆ ಆರಿಸಿದರು. ಎರಡು ವಾರಾಂತ್ಯ ಅವರು ವಿಜ್ಞಾನಿಗಳ ಜೊತೆ ಕೂತರು, ಓಡಾಡಿದರು, ಕೇಳಿದರು, ಕೊನೆಗೆ 58 ಬೇಡಿಕೆಗಳನ್ನು ಬರೆದರು. ಅವು ದೊಡ್ಡವರ ಸಭೆಗೆ ಹೋದವು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ಆಯ್ಕೆ. ನಮ್ಮಲ್ಲಿ ಯಾವ ಕಾರ್ಯಕ್ರಮ ಆದರೂ ಭಾಷಣ ಬಾಯಿಪಾಠ ಮಾಡಿದ ಅದೇ ಇಬ್ಬರು ಮುಂದೆ ಬರುತ್ತಾರೆ, ಅಲ್ವಾ? ಹಿಂದಿನ ಬೆಂಚಿನ ಹುಡುಗನಿಗೆ ಬಾವಿ ಯಾವಾಗ ಬತ್ತಿತು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಲ್ಲಿನ ಸರ್ಕಾರ ಈ ಕೆಲಸಕ್ಕೆ ಒಂದು ಅಳತೆ ಇಟ್ಟುಕೊಂಡಿದೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ ಅನ್ನೋ ಪ್ರಾಧ್ಯಾಪಕಿ 2007ರಲ್ಲಿ ಬರೆದದ್ದು. ಮಕ್ಕಳಿಗೆ ಭಯ ಇಲ್ಲದೆ ಮಾತಾಡುವ ಜಾಗ ಬೇಕು. ತಮ್ಮದೇ ರೀತಿಯಲ್ಲಿ ಹೇಳೋಕೆ ಸಹಾಯ ಬೇಕು. ಹೇಳಿದ್ದನ್ನು ಅಧಿಕಾರ ಇರುವವರು ಕೂತು ಕೇಳಬೇಕು. ಕೇಳಿದ ಮೇಲೆ ಅದರಿಂದ ಏನಾದರೂ ಬದಲಾಗಬೇಕು, ಬದಲಾಗದಿದ್ದರೆ ಯಾಕೆ ಆಗಲಿಲ್ಲ ಅಂತ ಮಕ್ಕಳಿಗೆ ವಾಪಸ್ ಹೇಳಬೇಕು. ಮೊದಲ ಎರಡು ಸುಲಭ. ಮೈಕು, ಶಾಮಿಯಾನ, ಬಿಸ್ಕತ್ತು ಇದ್ದರೆ ಆಯಿತು. ಕಷ್ಟ ಇರೋದು ಕೊನೆಯದರಲ್ಲಿ.

ಐರ್ಲೆಂಡ್ ಎಲ್ಲವನ್ನೂ ಸರಿಯಾಗಿ ಮಾಡಿದೆ ಅಂತಲ್ಲ. 2018ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಹೊಗೆಯನ್ನು, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು, ಶೇ. 51 ಇಳಿಸಬೇಕು ಅಂತ 2021ರಲ್ಲಿ ಕಾನೂನೇ ಮಾಡಿಕೊಂಡರು. ಇದೇ ದೇಶದ ಪರಿಸರ ಸಂಸ್ಥೆ 2025ರಲ್ಲಿ ಲೆಕ್ಕ ಹಾಕಿ, ಯೋಜನೆಗಳೆಲ್ಲ ಜಾರಿಯಾದರೂ ಹೆಚ್ಚೆಂದರೆ ಶೇ. 23ರವರೆಗೆ ಇಳಿಯಬಹುದು ಅಂದಿತು. ಹಸು ಸಾಕಣೆಯ ದೇಶ ಇದು. ಈ ಅನಿಲಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಸಾಯದಿಂದಲೇ, ಅದರಲ್ಲೂ ಹಸುಗಳಿಂದ, ಬರುತ್ತದೆ. ಹಾಲು ಹಾಕಿ ಬದುಕುವ ಮನೆಗಳು ಎಷ್ಟಿವೆ ಅಂತ ಗೊತ್ತಿರುವ ಕೋಲಾರ, ಚಿಕ್ಕಬಳ್ಳಾಪುರದ ಜನರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೈರಿ ಮಾಡುವ ಮನೆಯ ಮಗು, ಪೇಟೆಯ ಮಗು ಒಂದೇ ಟೇಬಲ್ಲಿಗೆ ಕೂತು ಮಾತಾಡಿದರೆ ಆಗುವ ಲಾಭವೂ ಇದೇ. ಹಸು ಕಡಿಮೆ ಮಾಡಿ ಅನ್ನೋದು ಸುಲಭ, ಎದುರಿಗೆ ಕೂತವನ ಅಪ್ಪನ ಹಸು ಅಂದಾಗ ಮಾತು ಬೇರೆ ಆಗುತ್ತದೆ.

ಈಗ ನಮ್ಮೂರಿಗೆ ಬರೋಣ.

ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು ಅಂತ 2006ರಲ್ಲೇ ಸರ್ಕಾರದ ಆದೇಶ ಆಗಿದೆ. ಮತ್ತೊಮ್ಮೆ ಓದಿ, 2006. ಐರ್ಲೆಂಡಿನ ಮಕ್ಕಳು ಸಂಸತ್ತಿನಲ್ಲಿ ಕೂರೋಕೆ 13 ವರ್ಷ ಮೊದಲು. ಅದೂ ರಾಜಧಾನಿಯಲ್ಲಿ ಒಂದು ಸಲ ಅಲ್ಲ, ಪ್ರತಿ ಪಂಚಾಯಿತಿಯಲ್ಲಿ, ಪ್ರತಿ ವರ್ಷ. ಇಲ್ಲಿನ ಸ್ನೇಹಿತರಿಗೆ ಇದನ್ನು ಹೇಳಿದರೆ ನಂಬೋದೇ ಇಲ್ಲ.

ನನ್ನ ಅಕ್ಕನ ಮಗಳು ಎಂಟನೇ ಕ್ಲಾಸು. ಕಳೆದ ಸಲದ ಸಭೆಯಲ್ಲಿ ಎದ್ದು ನಿಂತು ಮಾತಾಡಿದಳು. ಅವಳು ಹೇಳಿದ್ದು ಹುಳದ ಮನೆಯ ವಿಷಯ. ರೇಷ್ಮೆ ಹುಳಕ್ಕೆ 24ರಿಂದ 28 ಡಿಗ್ರಿ ಇದ್ದರೆ ಹಿತ. ಮಾರ್ಚ್, ಏಪ್ರಿಲ್‌ನಲ್ಲಿ ಶೀಟಿನ ಮನೆಯಲ್ಲಿ ಆ ಲೆಕ್ಕ ನಡೆಯೋದೇ ಇಲ್ಲ. ಗೋಣಿಚೀಲ ಒದ್ದೆ ಮಾಡಿ ಕಿಟಕಿಗಳಿಗೆ ಕಟ್ಟಬೇಕು, ಒಣಗುತ್ತಿದ್ದ ಹಾಗೆ ಮತ್ತೆ ನೀರು ಚಿಮುಕಿಸಬೇಕು. ಅದನ್ನು ಮಾಡುವವರು ಯಾರು? ಅಪ್ಪ ಸೊಪ್ಪಿಗೆ ಹೋಗಿರುತ್ತಾರೆ, ಅಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿರುತ್ತಾಳೆ, ಪರೀಕ್ಷೆ ಇದ್ದರೂ ಗೋಣಿಚೀಲದ ಕೆಲಸ ಇವಳದ್ದೇ. "ಮಾಮ, ಗೂಡು ಕಟ್ಟೋ ಟೈಮಲ್ಲಿ ಬಿಸಿಲು ಜಾಸ್ತಿ ಆದರೆ ಹುಳ ಸತ್ತುಹೋಗುತ್ತವೆ, ಬೆಳೆ ಹೋದರೆ ನಮ್ಮ ಫೀಸೂ ಹೋಗುತ್ತೆ" ಅಂತ ಫೋನಿನಲ್ಲಿ ಹೇಳಿದಳು. ಹುಳದ ಮನೆಯ ಸೂರಿಗೆ ತಂಪು ಮಾಡೋಕೆ ಪಂಚಾಯಿತಿಯಿಂದ ಏನಾದರೂ ಸಹಾಯ ಕೊಡಿ ಅನ್ನೋದು ಅವಳ ಬೇಡಿಕೆ. ಇನ್ನೊಬ್ಬ ಹುಡುಗ ಕೆರೆಗೆ ಬರುವ ನೀರಿನ ಬಗ್ಗೆ ಕೇಳಿದನಂತೆ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರೆ, ಮೂರನೇ ಹಂತದ ಶುದ್ಧೀಕರಣ ಯಾವಾಗ ಅಂತ. ದೊಡ್ಡವರು ಎಷ್ಟೋ ವರ್ಷದಿಂದ ಕೇಳುತ್ತಿರುವ ಪ್ರಶ್ನೆಯೇ ಅದು.

ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಅಲ್ಲಿಗೆ ಮುಗಿಯಿತು. ಆಮೇಲೆ ಯಾರಿಂದಲೂ ಒಂದು ಮಾತೂ ಬರಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಆಗಲ್ಲ ಅಂತಾದರೂ ಹೇಳಬಹುದಿತ್ತು. ಹಣ ಇಲ್ಲ, ಇದು ರೇಷ್ಮೆ ಇಲಾಖೆಗೆ ಸೇರಿದ್ದು, ಅಲ್ಲಿಗೆ ಕಳಿಸಿದ್ದೇವೆ ಅಂತ ನಾಲ್ಕು ಸಾಲು ಬರೆದು ಶಾಲೆಯ ಬೋರ್ಡಿಗೆ ಅಂಟಿಸೋಕೆ ಎಷ್ಟು ಹೊತ್ತು ಬೇಕು? ಎರಡು ಸಲ ಕೇಳಿ ಉತ್ತರ ಬರದ ಮಗು ಮೂರನೇ ಸಲ ಎದ್ದು ನಿಲ್ಲೋದಿಲ್ಲ.

ಇದು ದೇಶದ ಯೋಜನೆವರೆಗೂ ಹೋಗುವ ವಿಷಯ. 2015ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ರತಿ ದೇಶ ಐದು ವರ್ಷಕ್ಕೊಮ್ಮೆ ತನ್ನ ಹವಾಮಾನ ಗುರಿ ಬರೆದು ಕೊಡಬೇಕು. ಎನ್‌ಡಿಸಿ ಅಂತಾರೆ ಅದಕ್ಕೆ. ಭಾರತ 2022ರಲ್ಲಿ ಕೊಟ್ಟಿದ್ದರಲ್ಲಿ, ಜಿಡಿಪಿಯ ಪ್ರತಿ ರೂಪಾಯಿಗೆ ಬಿಡುವ ಹೊಗೆಯನ್ನು 2005ಕ್ಕಿಂತ ಶೇ. 45 ಇಳಿಸುತ್ತೇವೆ, 2030ರ ಹೊತ್ತಿಗೆ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲದ್ದಾಗಿರುತ್ತದೆ ಅಂದಿದೆ. ಪಾವಗಡದ ಸೋಲಾರ್ ಪಾರ್ಕ್ ಆ ಲೆಕ್ಕದಲ್ಲೇ ಬರೋದು. ಹೊಗೆಯ ಲೆಕ್ಕ ಪೂರ್ತಿ ಸೊನ್ನೆ ಮಾಡುವ ಗುರಿ 2070ಕ್ಕೆ. ಆಗ ನನ್ನ ಅಕ್ಕನ ಮಗಳಿಗೆ ಅರವತ್ತರ ಹತ್ತಿರ. ಅವಳ ಇಡೀ ಬದುಕಿನ ಯೋಜನೆ ಇದು, ಅವಳನ್ನು ಬಿಟ್ಟು ಬರೆಯೋದು ಹೇಗೆ?

ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಅವರ ಮಾತಿಗೆ ಬೆಲೆ ಕೊಡಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿದೆ. ಕೇಳದೇ ಇದ್ದರೆ ಮಕ್ಕಳು ಕೋರ್ಟಿಗೆ ಹೋಗುತ್ತಾರೆ. ಉತ್ತರಾಖಂಡದ ರಿಧಿಮಾ ಪಾಂಡೆ 2017ರಲ್ಲಿ, 9 ವರ್ಷದವಳಾಗಿದ್ದಾಗ, ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದಳು. 2019ರಲ್ಲಿ ಅದು ವಜಾ ಆಯಿತು. ಜರ್ಮನಿಯ ಯುವಜನ 2021ರಲ್ಲಿ ಗೆದ್ದರು. 2030ರ ನಂತರದ ಭಾರವನ್ನೆಲ್ಲ ನಮ್ಮ ತಲೆ ಮೇಲೆ ಹಾಕಿದ್ದೀರಿ ಅನ್ನೋ ಅವರ ವಾದವನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ ಒಪ್ಪಿತು. ಸರ್ಕಾರ ಕಾನೂನು ತಿದ್ದಿ, ಹೊಗೆಯ ಲೆಕ್ಕ ಸೊನ್ನೆ ಮಾಡುವ ಗುರಿಯನ್ನು 2050ರಿಂದ 2045ಕ್ಕೆ ತಂದಿತು.

ನಾವು ಕೋರ್ಟಿನ ತನಕ ಕಾಯಬೇಕಾಗಿಲ್ಲ, ದಾರಿ ಆಗಲೇ ಇದೆ. ಮಕ್ಕಳ ಗ್ರಾಮ ಸಭೆಯಲ್ಲಿ ನೀರು, ಬಿಸಿಲು, ಬೆಳೆ ಬಗ್ಗೆ ಬಂದ ಮಾತುಗಳು ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಲಿ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯದ ಹವಾಮಾನ ಕ್ರಿಯಾಯೋಜನೆಗೆ, ಅಲ್ಲಿಂದ ದೆಹಲಿಗೆ ಹೋಗಲಿ. ಜೂನ್ 5ಕ್ಕೆ ಚಿತ್ರಕಲೆ ಸ್ಪರ್ಧೆ ಮಾಡಿ, ಗಿಡ ನೆಟ್ಟು ಫೋಟೋ ತೆಗೆಸಿಕೊಂಡರೆ ಮಕ್ಕಳನ್ನು ಸೇರಿಸಿಕೊಂಡ ಹಾಗೆ ಆಗಲ್ಲ.

ಊರಲ್ಲಿರುವ ನೀವು ಒಂದು ಕೆಲಸ ಮಾಡಿ. ಮುಂದಿನ ಮಕ್ಕಳ ಗ್ರಾಮ ಸಭೆ ಯಾವಾಗ ಅಂತ ಪಿಡಿಒ ಅವರನ್ನು ಕೇಳಿ. ಹೋದ ವರ್ಷದ ನಡಾವಳಿ ಪುಸ್ತಕ ತರಿಸಿ, ಹೊಸ ಬೇಡಿಕೆ ಶುರುವಾಗುವ ಮುಂಚೆ ಹಳೆಯದಕ್ಕೆ ಏನಾಯಿತು ಅಂತ ಮಕ್ಕಳ ಎದುರಿಗೇ ಓದಿಸಿ. ನಮ್ಮ ಪಂಚಾಯಿತಿಗೆ ಅಕ್ಕ ಹೋಗುತ್ತಾಳೆ. ನಿಮ್ಮದಕ್ಕೆ ಯಾರು ಹೋಗುತ್ತೀರಿ, ತಿಳಿಸಿ.