ಪ್ರಕೃತಿಯ ಮೇಲೆ ಬರೆಯಲು ಇನ್ನೇನು ಉಳಿದಿದೆ?

ಕವಿತೆ, ಚಿತ್ರ ಎಂದು ತಲೆಕೆಡಿಸಿಕೊಂಡಿರುವ ನನ್ನಂಥವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಹೂವು, ಹಕ್ಕಿ, ಮಳೆ, ಬೆಟ್ಟ ಎಲ್ಲವನ್ನೂ ಹಿಂದಿನವರೇ ಬರೆದು ಮುಗಿಸಿದ್ದಾರೆ. ಸೂರ್ಯಾಸ್ತ ಎಲ್ಲರ ಮೊಬೈಲಿನಲ್ಲೂ ಇದೆ. ಪ್ರಕೃತಿ ಪ್ರಕೃತಿ ಅಂತ ಈಗಿನವರು ಹೊಸದಾಗಿ ಮಾಡ್ತಿರೋದಾದರೂ ಏನು?" ಕೇಳುವವರಲ್ಲಿ ಕೆಲವರಿಗೆ ಉತ್ತರ ಬೇಕಿರುವುದಿಲ್ಲ, ಕೇಳಿದ್ದೇ ಸಮಾಧಾನ. ಇನ್ನು ಕೆಲವರಿಗೆ ನಿಜವಾಗಿಯೂ ಬೇಕು. ಇದನ್ನು ಬರೆಯುತ್ತಿರುವುದು ಅವರಿಗಾಗಿ.

ವರ್ಣಿಸುವ ಕೆಲಸ ಬಹುಮಟ್ಟಿಗೆ ಮುಗಿದಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇವತ್ತಿನ ಒಳ್ಳೆಯ ಕವಿಗಳೂ ಕಲಾವಿದರೂ ಆ ಕೆಲಸವನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅವರು ತಮ್ಮ ಕೃತಿಯಲ್ಲಿ ಪ್ರಕೃತಿಗೇ ಒಂದು ಪಾಲು ಬಿಟ್ಟುಕೊಡುತ್ತಿದ್ದಾರೆ. ಕೃತಿಯನ್ನು ಕೆಡಿಸುವ ಹಕ್ಕೂ ಆ ಪಾಲಿನಲ್ಲಿ ಸೇರಿದೆ.

ನಮ್ಮ ಹಳೆಯ ಮಹಾಕಾವ್ಯಗಳಿಗೆ ಅಷ್ಟಾದಶ ವರ್ಣನೆ ಎಂಬ ಕಟ್ಟುಪಾಡಿತ್ತು. ಸಮುದ್ರ, ಪರ್ವತ, ಋತು, ಸೂರ್ಯೋದಯ, ಚಂದ್ರೋದಯ, ವನವಿಹಾರ, ಜಲಕ್ರೀಡೆ ಹೀಗೆ ಹದಿನೆಂಟು. ಕಥೆಗೆ ಬೇಕಿರಲಿ ಬೇಡವಾಗಿರಲಿ, ಬರಲೇಬೇಕು. ದೊಡ್ಡ ಕವಿಗಳ ಕೈಯಲ್ಲಿ ಅದು ಕಾವ್ಯವಾಯಿತು, ಉಳಿದವರ ಕೈಯಲ್ಲಿ ಪಟ್ಟಿಯಾಯಿತು. ನವೋದಯದವರು ಬಂದು ಆ ಪಟ್ಟಿಯನ್ನು ಹರಿದು, ಪ್ರಕೃತಿಯನ್ನು ಆರಾಧನೆಯ ಜಾಗಕ್ಕೆ ಏರಿಸಿದರು. ಈಗ ನಮ್ಮ ನಡುವೆ ಉಳಿದಿರುವುದು ಆ ಆರಾಧನೆಯ ತೆಳು ನೆರಳು. ನಲ್ಲೆ ಬಿಟ್ಟುಹೋದಳೆಂದು ಮೋಡ ಅಳುವ ಕವಿತೆ, ಬರೆದವನ ಖುಷಿಗೆ ತಲೆದೂಗುವ ಹೂವು. ಇಂಥವನ್ನು ಓದುವಾಗ ನನಗೆ ಮೋಡದ ಮೇಲೆಯೇ ಕನಿಕರ ಹುಟ್ಟುತ್ತದೆ. ಅದಕ್ಕೆ ಅದರದೇ ಕೆಲಸವಿದೆ, ನಮ್ಮ ಮನಸ್ಸಿನ ಹವಾಮಾನ ಹೊರುವುದಕ್ಕೆ ಅದು ಹುಟ್ಟಿಲ್ಲ. ಪ್ರಶ್ನೆ ಕೇಳುವವರಿಗೆ ಬೇಸರ ತಂದಿರುವುದೂ ಇದೇ ಇರಬೇಕು, ಪ್ರಕೃತಿ ಇರಲಿಕ್ಕಿಲ್ಲ.

1967ರಲ್ಲಿ ರಿಚರ್ಡ್ ಲಾಂಗ್ ಎಂಬ ಇಂಗ್ಲೆಂಡಿನ ಕಲಾ ವಿದ್ಯಾರ್ಥಿ ಒಂದು ಹುಲ್ಲುಗಾವಲಿನಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ನೇರವಾಗಿ ನಡೆದರು. ಹುಲ್ಲು ಮಲಗಿ ಒಂದು ಗೆರೆ ಮೂಡಿತು. ಅದರ ಫೋಟೋ ತೆಗೆದು, ಇದೇ ನನ್ನ ಕೃತಿ ಎಂದರು. ಹುಲ್ಲು ಮತ್ತೆ ಎದ್ದು ನಿಂತಿರಬೇಕು, ಗೆರೆ ಅಳಿದಿರಬೇಕು. ಇದನ್ನು ಹೇಳಿದಾಗ ನಗುವವರಿದ್ದಾರೆ, ನಗಲಿ, ತಪ್ಪೇನಿಲ್ಲ. ಆದರೆ ಹುಲ್ಲಿನ ಚಿತ್ರ ಬರೆಯುವುದಕ್ಕೂ ಹುಲ್ಲಿನಲ್ಲೇ ಬರೆಯುವುದಕ್ಕೂ ನಡುವಿನ ಅಂತರವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸಿದವರು ಬೇರೆ ಯಾರೂ ನನಗೆ ನೆನಪಾಗುವುದಿಲ್ಲ.

ಆ ದಾರಿಯಲ್ಲಿ ಬಹಳ ದೂರ ಹೋದವರು ಆಂಡಿ ಗೋಲ್ಡ್ಸ್‌ವರ್ದಿ. 1956ರಲ್ಲಿ ಹುಟ್ಟಿದ ಇವರು ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿದ್ದುಕೊಂಡು ಎಲೆ, ಮುಳ್ಳು, ಹಿಮ, ಕಲ್ಲು, ಕೆಸರುಗಳಲ್ಲಿ ಕೆಲಸ ಮಾಡುತ್ತ ಬಂದಿದ್ದಾರೆ. ಎಲೆಗೆ ಎಲೆ ಜೋಡಿಸಲು ಮುಳ್ಳು ಚುಚ್ಚುತ್ತಾರೆ. ಮಂಜುಗಡ್ಡೆಯ ಕಡ್ಡಿಗಳನ್ನು ಒದ್ದೆ ಮಾಡಿ, ಚಳಿಗೆ ಹೆಪ್ಪುಗಟ್ಟಿ ಅಂಟಿಕೊಳ್ಳುವವರೆಗೆ ಹಿಡಿದಿರುತ್ತಾರೆ. ಬಿಸಿಲು ಬಂದರೆ ಕೆಲಸ ಹೋಯಿತು. ಜೋಡಿಸುತ್ತಿರುವಾಗಲೇ ಕುಸಿದುಬೀಳುವುದೂ ಉಂಟು. ಅವರ ಕೆಲಸಗಳಲ್ಲಿ ನನ್ನನ್ನು ಮತ್ತೆ ಮತ್ತೆ ಎಳೆಯುವುದು ಮಳೆಯ ನೆರಳುಗಳು. ಮಳೆ ಶುರುವಾಗುತ್ತಲೇ ನೆಲದ ಮೇಲೆ ಅಂಗಾತ ಮಲಗುತ್ತಾರೆ. ಸುತ್ತ ನೆಲ ತೊಯ್ಯುವವರೆಗೆ ಕದಲದೆ ಇದ್ದು, ಆಮೇಲೆ ಎದ್ದುಬಿಡುತ್ತಾರೆ. ಒದ್ದೆ ನೆಲದಲ್ಲಿ ಮನುಷ್ಯಾಕಾರದ ಒಣ ಜಾಗ ಉಳಿಯುತ್ತದೆ. ಮಳೆ ಮುಂದುವರಿದರೆ ಅದೂ ತುಂಬಿಹೋಗುತ್ತದೆ. ಕಲಾವಿದ ಮಾಡಿದ್ದೇನು ಎಂದು ಕೇಳಿದರೆ, ಸುಮ್ಮನೆ ಬಿದ್ದುಕೊಂಡದ್ದು. ಚಿತ್ರ ಬರೆದದ್ದು ಮಳೆ, ಅಳಿಸುವುದೂ ಮಳೆಯೇ. ಸ್ವಂತ ಚಿತ್ರವನ್ನು ಇಷ್ಟು ವಿನಯದಿಂದ ಬರೆಸಿಕೊಂಡವರು ಕಡಿಮೆ. ಅದಕ್ಕೆ ಒದ್ದೆಯಾಗುವ ತಯಾರಿ ಬೇಕು, ಅಷ್ಟೇ.

"ಉಳಿಯದ ಮೇಲೆ ಏನು ಪ್ರಯೋಜನ?" ಎಂಬ ಮರುಪ್ರಶ್ನೆ ಇಲ್ಲಿಯೇ ಬರುತ್ತದೆ. ಫೋಟೋ ಉಳಿಯುತ್ತದೆ ಎನ್ನುವುದು ಸುಲಭದ ಉತ್ತರ, ನನಗೆ ಅಷ್ಟು ಹಿಡಿಸದ ಉತ್ತರವೂ ಹೌದು. ಉಳಿಯದಿರುವುದೇ ಇಲ್ಲಿನ ವಸ್ತು. ಎಣ್ಣೆಬಣ್ಣದಲ್ಲಿ ಬರೆದ ಉದುರಿದ ಎಲೆ ಉದುರುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ಗೋಲ್ಡ್ಸ್‌ವರ್ದಿಯವರ ಎಲೆ ಚಿತ್ರವಾಗಿರುವಾಗಲೂ ಬಾಡುತ್ತಿರುತ್ತದೆ.

ಇನ್ನು ಕೆಲವರು ಕುಂಚವನ್ನೇ ಪ್ರಕೃತಿಯ ಕೈಗೆ ಕೊಟ್ಟವರು. ಟಿಮ್ ನೋಲ್ಸ್ ಮರದ ರೆಂಬೆಗಳ ತುದಿಗೆ ಪೆನ್ನು ಕಟ್ಟಿ, ಕೆಳಗೆ ಕಾಗದ ನಿಲ್ಲಿಸಿ, ಗಾಳಿಗೆ ಬಿಟ್ಟರು. ಮರ ಗೀಚಿದ್ದು ಚಿತ್ರವಾಯಿತು. ಒಂದೆರಡು ನೋಡಿದರೆ ಸಾಕು ಎನ್ನಿಸುವ ಕೆಲಸ ಇದು. ಉಪಾಯ ಚಿತ್ರಕ್ಕಿಂತ ಜಾಣವಾಗಿದೆ. ಸೂಸನ್ ಡರ್ಜಸ್ ಹಾಗಲ್ಲ. ಅವರು ಇಂಗ್ಲೆಂಡಿನ ಟಾ ನದಿಗೆ ರಾತ್ರಿ ಹೊತ್ತು ಇಳಿದು, ಫೋಟೋ ಕಾಗದವನ್ನು ನೀರಿನ ಮೇಲ್ಮೈಯ ಕೆಳಗೆ ಹಿಡಿದು, ಮೇಲಿನಿಂದ ಕ್ಷಣಮಾತ್ರ ಬೆಳಕು ಹಾಯಿಸುತ್ತಿದ್ದರು. ಕ್ಯಾಮೆರಾ ಇಲ್ಲ. ನದಿಯೇ ಮಸೂರ. ಸುಳಿ, ಅಲೆ, ಮೇಲೆ ಬಾಗಿದ ರೆಂಬೆಯ ನೆರಳು ಎಲ್ಲ ನೇರವಾಗಿ ಕಾಗದಕ್ಕೆ ಇಳಿದವು. ಮೇಗನ್ ರೀಪನ್‌ಹಾಫ್ ಅದಕ್ಕಿಂತ ಒರಟು ಕೆಲಸಕ್ಕೆ ಕೈಹಾಕಿದವರು. ಸಯನೋಟೈಪ್ ಎಂಬ ಹಳೆಯ ಫೋಟೋ ವಿಧಾನವೊಂದಿದೆ: ಕಬ್ಬಿಣದ ಲವಣಗಳನ್ನು ಬಳಿದ ಕಾಗದ ಬಿಸಿಲು ತಾಗಿದ ಕಡೆ ಬದಲಾಗಿ, ನೀರಿನಲ್ಲಿ ತೊಳೆದಾಗ ದಟ್ಟ ನೀಲಿಗೆ ತಿರುಗುತ್ತದೆ. ರೀಪನ್‌ಹಾಫ್ ಆ ಕಾಗದವನ್ನು ಸಮುದ್ರದ ದಡದಲ್ಲಿ ಅಲೆಗೇ ಒಡ್ಡುತ್ತಾರೆ. ಅಲೆ ಬಡಿದದ್ದು, ಮರಳು ಉಜ್ಜಿದ್ದು, ಉಪ್ಪು ಹರಳುಗಟ್ಟಿದ್ದು ಎಲ್ಲವೂ ಅದರ ಮೇಲೆ ದಾಖಲಾಗುತ್ತದೆ. ಪೂರ್ತಿ ತೊಳೆಯದೆ ಬಿಡುವುದರಿಂದ ಗೋಡೆಗೆ ನೇತುಹಾಕಿದ ಮೇಲೂ ಅವು ನಿಧಾನವಾಗಿ ಬದಲಾಗುತ್ತಿರುತ್ತವೆ. ಇದರಲ್ಲಿ ಸಮುದ್ರ ಹೇಗೆ ಕಾಣುತ್ತದೆ ಎಂಬುದಿಲ್ಲ, ಸಮುದ್ರ ಏನು ಮಾಡುತ್ತದೆ ಎಂಬುದಿದೆ.

ಸರಿ, ಚಿತ್ರಕಾರರಿಗೆ ಎಲೆಯೂ ನೀರೂ ಕೈಗೆ ಸಿಗುತ್ತವೆ. ಕವಿಗೆ ಇರುವುದು ಮಾತು ಮಾತ್ರ, ಮಾತು ಮನುಷ್ಯನದು. ನದಿಗೆ ಕವಿತೆಯಲ್ಲಿ ಪಾಲು ಕೊಡುವುದು ಹೇಗೆ? ನನ್ನ ಮಟ್ಟಿಗೆ ಇದಕ್ಕೆ ಸಿಕ್ಕ ಅತ್ಯುತ್ತಮ ಉತ್ತರ ಆಲಿಸ್ ಆಸ್ವಾಲ್ಡ್ ಅವರ ನೀಳ್ಗವಿತೆ 'ಡಾರ್ಟ್' (2002). ಆಸ್ವಾಲ್ಡ್ ತೋಟಗಾರಿಕೆ ಕಲಿತವರು, ಮಣ್ಣು ಮುಟ್ಟಿ ಗೊತ್ತಿದ್ದವರು. ಇಂಗ್ಲೆಂಡಿನ ಡೆವನ್ ಪ್ರದೇಶದಲ್ಲಿ ಹರಿಯುವ ಡಾರ್ಟ್ ನದಿಯ ಬಗ್ಗೆ ಬರೆಯಲು ಹೊರಟಾಗ ಅವರು ದಂಡೆಯಲ್ಲಿ ಕೂತು ಧ್ಯಾನ ಮಾಡಲಿಲ್ಲ, ಟೇಪ್ ರೆಕಾರ್ಡರ್ ಹಿಡಿದು ನದಿಯಿಂದ ಬದುಕುವವರ ಹತ್ತಿರ ಹೋದರು. ಮೀನುಗಾರ, ಕಳ್ಳತನದಲ್ಲಿ ಮೀನು ಹಿಡಿಯುವವನು, ಕಲ್ಲುಗೋಡೆ ಕಟ್ಟುವವನು, ಉಣ್ಣೆ ಗಿರಣಿಯ ಕೆಲಸಗಾರ, ದೋಣಿ ಕಟ್ಟುವವನು, ಕೊಳಚೆ ನೀರು ಶುದ್ಧೀಕರಣದ ಕೆಲಸಗಾರ. ಇವರ ಮಾತುಗಳನ್ನು ಉಗಮದಿಂದ ಸಮುದ್ರದವರೆಗೆ ನದಿ ಹರಿಯುವ ಕ್ರಮದಲ್ಲೇ ಜೋಡಿಸಿದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಸೇರಿಕೊಳ್ಳುತ್ತದೆ. ಯಾರು ಮಾತಾಡುತ್ತಿದ್ದಾರೆ ಎಂಬುದು ಪುಟದ ಅಂಚಿನ ಸಣ್ಣ ಟಿಪ್ಪಣಿಯಿಂದ ತಿಳಿಯಬೇಕು. ಎಲ್ಲ ದನಿಗಳನ್ನೂ ನದಿಯದೇ ಗೊಣಗಾಟವೆಂದು ಓದಿಕೊಳ್ಳಿ ಎಂದು ಕವಿ ಮೊದಲೇ ಹೇಳಿದ್ದಾರೆ. ಗದ್ಯ ಪದ್ಯವಾಗುತ್ತದೆ, ಪದ್ಯ ಗದ್ಯವಾಗುತ್ತದೆ, ಇಳಿಜಾರಿನಲ್ಲಿ ಸಾಲುಗಳು ಓಡುತ್ತವೆ.

ಕೊಳಚೆ ನೀರಿನ ಕೆಲಸಗಾರನಿಗೆ ಜಾಗವಿರುವ ಪ್ರಕೃತಿ ಕವಿತೆ ಎಂದರೆ ಕೆಲವರು ಮೂಗು ಮುರಿಯುತ್ತಾರೆ. ಆ ಭಾಗ ಇಲ್ಲದಿದ್ದರೆ ಈ ಕವಿತೆಯನ್ನು ನಾನು ಅರ್ಧ ಮಾತ್ರ ನಂಬುತ್ತಿದ್ದೆ. ನದಿಗೆ ತನ್ನ ಯಾವ ಭಾಗ ಪವಿತ್ರ, ಯಾವುದು ಮೈಲಿಗೆ ಎಂದು ಗೊತ್ತಿಲ್ಲ.

ಸೈಮನ್ ಆರ್ಮಿಟೇಜ್ ಮಾಡಿದ್ದು ಇನ್ನೊಂದು ಬಗೆ. ಉತ್ತರ ಇಂಗ್ಲೆಂಡಿನ ಪೆನ್ನೈನ್ ಬೆಟ್ಟಸಾಲಿನಲ್ಲಿ ಅವರ ಆರು ಕವಿತೆಗಳನ್ನು 2012ರ ಹೊತ್ತಿಗೆ ಪಿಪ್ ಹಾಲ್ ಎಂಬ ಅಕ್ಷರಶಿಲ್ಪಿ ಬಂಡೆಗಳ ಮೇಲೆ ಕೆತ್ತಿದರು. ಹಿಮ, ಮಳೆ, ಮಂಜು, ಇಬ್ಬನಿ, ಕೊಚ್ಚೆಗುಂಡಿ, ತೊರೆ: ಆರೂ ನೀರಿನ ರೂಪಗಳು. ಓದಬೇಕಾದರೆ 47 ಮೈಲಿಯ ದಾರಿ ನಡೆಯಬೇಕು. ಏಳನೆಯ ಬಂಡೆಯೊಂದಿದೆಯಂತೆ, ಎಲ್ಲಿದೆ ಎಂದು ಹೇಳಿಲ್ಲ. ಈ ತುಂಟತನ ನನಗೆ ಇಷ್ಟ. ಹಾವಸೆ ಬೆಳೆದು, ಮಳೆ ಸವೆಸಿ, ಅಕ್ಷರಗಳು ಮಾಸುವುದು ಖಚಿತ. ಮಳೆಯ ಕವಿತೆಯನ್ನು ಮಳೆ ಓದುವ ರೀತಿಯೇ ಅದು.

ಕವಿತೆ ಮತ್ತು ಚಿತ್ರ ಒಂದೇ ಪುಟದಲ್ಲಿ ಬಂದಾಗ ಒಂದು ಅಪಾಯವಿದೆ: ಹಕ್ಕಿ ಎಂದು ಬರೆದಿರುತ್ತದೆ, ಪಕ್ಕದಲ್ಲಿ ಹಕ್ಕಿ ಕೂತಿರುತ್ತದೆ. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರೆ ಒಬ್ಬರು ಮನೆಗೆ ಹೋಗಬಹುದು. ಹೈಕು ಎಂಬ ಪುಟ್ಟ ಕವಿತೆಯ ಜೊತೆಗೇ ಚಿತ್ರ ಬರೆಯುವ ಜಪಾನಿನ ಹೈಗಾ ಸಂಪ್ರದಾಯದವರಿಗೆ ಇದು ಮೊದಲೇ ಗೊತ್ತಿತ್ತು. ಹೈಕುವಿನಲ್ಲಿ ಚಂದ್ರನಿದ್ದರೆ ಪಕ್ಕದ ಚಿತ್ರದಲ್ಲಿ ಚಂದ್ರನನ್ನು ಬಿಟ್ಟು ಬೇರೇನೋ ಇರಬಹುದು, ಎರಡನ್ನೂ ಸೇರಿಸುವ ಕೆಲಸ ನೋಡುವವನದು. ಈ ಕಾಲದ ಉದಾಹರಣೆ ಬೇಕೆಂದರೆ ಲೇಖಕ ರಾಬರ್ಟ್ ಮ್ಯಾಕ್‌ಫರ್ಲೇನ್ ಮತ್ತು ಚಿತ್ರಕಾರ್ತಿ ಜಾಕಿ ಮಾರಿಸ್ ಸೇರಿ 2017ರಲ್ಲಿ ತಂದ 'ದಿ ಲಾಸ್ಟ್ ವರ್ಡ್ಸ್' (ಕಳೆದುಹೋದ ಪದಗಳು). ಇಂಗ್ಲಿಷಿನ ಒಂದು ಪ್ರಸಿದ್ಧ ಮಕ್ಕಳ ನಿಘಂಟಿನಿಂದ ಮಿಂಚುಳ್ಳಿಯಂಥ ಹೆಸರುಗಳು ಜಾಗ ಕಳೆದುಕೊಂಡ ಸುದ್ದಿಯ ಬೆನ್ನಿಗೆ ಹುಟ್ಟಿದ ಪುಸ್ತಕ ಅದು. ಮಾರಿಸ್ ಪ್ರತಿ ಜೀವಿಗೂ ಮೊದಲು ಬರೆದದ್ದು ಅದು ಇಲ್ಲದ ಜಾಗವನ್ನು. ಆಮೇಲೆ ಮಂತ್ರದಂತೆ ಗಟ್ಟಿಯಾಗಿ ಹೇಳಬೇಕಾದ ಕವಿತೆ. ಅದಾದ ಮೇಲೆಯೇ ಜೀವಿ ತನ್ನ ನೆಲೆಗೆ ಮರಳುತ್ತದೆ. ಕವಿತೆಯನ್ನು ತೆಗೆದರೆ ಚಿತ್ರಗಳ ನಡುವೆ ಕೊಂಡಿ ಕಳಚುತ್ತದೆ.

ಇಲ್ಲದ ಜಾಗ ಎಂದೆ. ಇವತ್ತಿನ ಕೆಲಸಗಳಲ್ಲಿ ಹಿಂದಿನವರಿಗೆ ಇಲ್ಲದಿದ್ದ ವಸ್ತು ಇದೇ. ಕಲಾವಿದೆ ಮಾಯಾ ಲಿನ್ 2021ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಪಾರ್ಕಿನಲ್ಲಿ 49 ಸತ್ತ ಸೀಡರ್ ಮರಗಳನ್ನು ನಿಲ್ಲಿಸಿದರು. ನ್ಯೂಜೆರ್ಸಿಯ ಕರಾವಳಿ ಕಾಡಿನಲ್ಲಿ ಬೇರಿಗೆ ಉಪ್ಪುನೀರು ನುಗ್ಗಿ ಒಣಗಿದ ಮರಗಳು ಅವು. ಸುತ್ತ ಹಸಿರು ಪಾರ್ಕು, ನಡುವೆ ಎಲೆಯಿಲ್ಲದ ಬೂದು ಕಾಂಡಗಳು. ಕಲಾವಿದ ಓಲಾಫರ್ ಎಲಿಯಾಸನ್ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಜೊತೆ ಸೇರಿ, ಗ್ರೀನ್‌ಲ್ಯಾಂಡಿನ ಸಮುದ್ರದಲ್ಲಿ ತೇಲುತ್ತಿದ್ದ ಮಂಜುಗಡ್ಡೆಗಳನ್ನು ತಂದು 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಪ್ಯಾರಿಸ್, 2018ರಲ್ಲಿ ಲಂಡನ್ನಿನ ಬಯಲಿನಲ್ಲಿ ಕರಗಲು ಬಿಟ್ಟರು. ಜನ ಮುಟ್ಟಿದರು, ಕಿವಿಗೊಟ್ಟು ಕೇಳಿದರು, ಸೆಲ್ಫಿಯನ್ನೂ ತೆಗೆದುಕೊಂಡರು. ಮಂಜುಗಡ್ಡೆ ಕರಗುತ್ತಿದೆ ಎಂದು ತೋರಿಸಲು ಮಂಜುಗಡ್ಡೆಯನ್ನೇ ಅಷ್ಟು ದೂರ ಸಾಗಿಸಬೇಕೇ ಎಂಬ ಆಕ್ಷೇಪ ಬಂದೇ ಬಂತು. ಆಕ್ಷೇಪದಲ್ಲಿ ಹುರುಳಿದೆ. ನನಗಂತೂ ಇದಕ್ಕಿಂತ ಅದೇ ವರ್ಷ, 2018ರಲ್ಲಿ, ಇಬ್ಬರು ಕವಿಗಳು ಗ್ರೀನ್‌ಲ್ಯಾಂಡಿಗೇ ಹೋಗಿ ಓದಿದ ಕವಿತೆ ಹೆಚ್ಚು ತಟ್ಟಿತು. ಮಾರ್ಷಲ್ ದ್ವೀಪಗಳ ಕ್ಯಾಥಿ ಜೆಟ್ನಿಲ್-ಕಿಜಿನರ್ ಮತ್ತು ಗ್ರೀನ್‌ಲ್ಯಾಂಡಿನ ಆಕಾ ನಿವಿಯಾನಾ: ಒಬ್ಬಳ ನೆಲದ ಹಿಮ ಕರಗಿದರೆ ಇನ್ನೊಬ್ಬಳ ದ್ವೀಪ ಮುಳುಗುತ್ತದೆ. ಒಬ್ಬಳು ಚಿಪ್ಪು ತಂದಳು, ಇನ್ನೊಬ್ಬಳು ಕಲ್ಲು ಕೊಟ್ಟಳು. 'ರೈಸ್' (ಮೇಲೇಳು) ಎಂಬ ಆ ಕವಿತೆ ಹಿಮದ ಮೇಲೆ ಚಿತ್ರೀಕರಣಗೊಂಡ ಪುಟ್ಟ ಸಿನಿಮಾ ಕೂಡ. ಇಲ್ಲಿ ಹಿಮ ಹಿನ್ನೆಲೆಯಾಗಿ ನಿಂತಿಲ್ಲ, ಜಗಳದ ಒಂದು ಕಕ್ಷಿಯಾಗಿದೆ.

ಇದರಿಂದೆಲ್ಲ ಏನಾದರೂ ಬದಲಾಗುತ್ತದೆಯೇ ಎಂದು ಕೇಳಬೇಡಿ. ಒಂದು ಕವಿತೆಯಿಂದ ಕಡಲಮಟ್ಟ ಇಳಿಯುವುದಿಲ್ಲ. ಆದರೂ ಕಲಾವಿದೆ ಕೇಟಿ ಪ್ಯಾಟರ್ಸನ್ ಅವರಂಥ ಹಟದವರಿದ್ದಾರೆ. 2014ರಲ್ಲಿ ನಾರ್ವೆಯ ಓಸ್ಲೋ ಪಕ್ಕದ ಕಾಡಿನಲ್ಲಿ 1,000 ಸ್ಪ್ರೂಸ್ ಸಸಿಗಳನ್ನು ನೆಡಿಸಿ, ವರ್ಷಕ್ಕೊಬ್ಬ ಲೇಖಕರಿಂದ ಒಂದು ಬರಹ ಪಡೆದು, ಯಾರೂ ಓದದಂತೆ ಇಡುವ ಏರ್ಪಾಡು ಮಾಡಿದ್ದಾರೆ. ಮೊದಲು ಕೊಟ್ಟವರು ಮಾರ್ಗರೆಟ್ ಆಟ್‌ವುಡ್. 2114ರಲ್ಲಿ ಆ ಮರಗಳಿಂದಲೇ ಕಾಗದ ಮಾಡಿ ಎಲ್ಲವನ್ನೂ ಮುದ್ರಿಸಬೇಕು. ಕಾಡು ಉಳಿದರೆ ಪುಸ್ತಕ.

ಕೊನೆಗೆ ಕೆಲವರು ಮೆಲ್ಲನೆ ಕೇಳುವುದುಂಟು: "ನಾವೂ ಏನಾದರೂ ಮಾಡಬಹುದಾ?" ಧಾರಾಳವಾಗಿ. ಸಯನೋಟೈಪ್ ಕಾಗದ ಸಿದ್ಧವಾಗಿಯೇ ಸಿಗುತ್ತದೆ. ಎಲೆಯಿಟ್ಟು ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರಾಯಿತು, ಕತ್ತಲೆಕೋಣೆ ಬೇಡ. ಬರೆಯುವವರು ಒಂದೇ ಮರವನ್ನು ವರ್ಷವಿಡೀ ಬರೆದುನೋಡಿ, "ನಾನು", "ನನ್ನ" ಎನ್ನದೆ. ಮೊದಲ ಕೆಲವು ವಾರ ಹೇಳುವುದೇನೂ ಇಲ್ಲವೆನ್ನಿಸುತ್ತದೆ. ಮರದ ಕೆಲಸ ಕಣ್ಣಿಗೆ ಬೀಳುವುದು ಆಮೇಲೆ: ಯಾವ ರೆಂಬೆ ಮೊದಲು ಚಿಗುರಿತು, ಇರುವೆ ಯಾವ ಮಗ್ಗುಲಲ್ಲಿ ಹತ್ತುತ್ತದೆ, ತೊಗಟೆ ಎಲ್ಲಿ ಸುಲಿದಿದೆ. ಒಂದು ಕೆಲಸ ಮಾತ್ರ ಬೇಡ. ಗೋಲ್ಡ್ಸ್‌ವರ್ದಿಯವರನ್ನು ನೋಡಿ ಹೊಳೆಯ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಫೋಟೋ ಹಾಕುವ ಚಟ ಎಲ್ಲೆಡೆ ಹಬ್ಬಿದೆ. ಹರಿಯುವ ನೀರಿನ ಕಲ್ಲುಗಳ ಅಡಿಯಲ್ಲಿ ಹುಳುಗಳ ಮರಿಗಳಿರುತ್ತವೆ, ಮೊಟ್ಟೆಗಳಿರುತ್ತವೆ. ಕಲ್ಲು ಎತ್ತಿದರೆ ಅವು ಬಿಸಿಲಿಗೆ ಬೀಳುತ್ತವೆ, ಇಲ್ಲವೇ ಕೊಚ್ಚಿಹೋಗುತ್ತವೆ. ಎಷ್ಟೋ ರಾಷ್ಟ್ರೀಯ ಉದ್ಯಾನಗಳು ಇದನ್ನು ಮಾಡಬೇಡಿ ಎಂದು ಕೇಳಿಕೊಂಡಿವೆ. ಉದುರಿದ ಎಲೆ, ಬಿದ್ದ ಕಡ್ಡಿ, ದಡದ ಒಣ ಮರಳು ಬೇಕಾದಷ್ಟಿರುತ್ತದೆ, ಅದರಲ್ಲಿ ಶುರುಮಾಡಿ.