‘ಸಾರಿ’ ಎಂದರೆ ತಪ್ಪೊಪ್ಪಿಗೆಯೇ?

ನಾನು ಸಿಡ್ನಿಗೆ ಬಂದ ಎರಡನೆಯ ವರ್ಷ ಊರಿನಲ್ಲಿ ತಂದೆಯವರು ತೀರಿಕೊಂಡರು. ಶಿವಮೊಗ್ಗಕ್ಕೆ ಹೋಗಿ, ವೈಕುಂಠ ಸಮಾರಾಧನೆ ಮುಗಿಸಿಕೊಂಡು ಮರಳಿ, ಆಸ್ಪತ್ರೆಯ ಔಷಧ ವಿಭಾಗದ ಕೆಲಸಕ್ಕೆ ಹಾಜರಾದ ದಿನ ಹಿರಿಯ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು, ನನ್ನ ತೋಳನ್ನು ಮೆಲ್ಲನೆ ಮುಟ್ಟಿ, ‘ಐ ಆಮ್ ಸೋ ಸಾರಿ’ ಎಂದರು. ನಾನು ಗಾಬರಿಯಿಂದ, ‘ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲವಲ್ಲ’ ಎಂದುಬಿಟ್ಟೆ. ಅವರು ನನ್ನನ್ನು ತಿದ್ದಲಿಲ್ಲ. ಸ್ವಲ್ಪ ಹೊತ್ತು ಜೊತೆಯಲ್ಲಿ ನಿಂತಿದ್ದು ಹೋದರು.

ನಾನು ಶಾಲೆಯಲ್ಲಿ ಕಲಿತ ‘ಸಾರಿ’ಗೆ ಒಂದೇ ಅರ್ಥವಿತ್ತು. ತಡವಾಗಿ ಬಂದಾಗಲೋ, ಮನೆಕೆಲಸ ಮಾಡದಿದ್ದಾಗಲೋ ಮೇಷ್ಟರ ಮುಂದೆ ತಲೆ ತಗ್ಗಿಸಿ ಹೇಳಬೇಕಾದ ಮಾತು ಅದು. ಆದರೆ ಆ ಪದದ ಬೇರು ಹಳೆಯ ಇಂಗ್ಲಿಷಿನಲ್ಲಿ ಗಾಯ, ನೋವು ಎಂಬರ್ಥದ ಶಬ್ದದಲ್ಲಿದೆ. ಇಂದು ಹುಣ್ಣಿಗೂ ಗಂಟಲುನೋವಿಗೂ ಬಳಸುವ ‘ಸೋರ್’ ಅದರ ಒಡಹುಟ್ಟು. ದುಃಖವನ್ನು ಸೂಚಿಸುವ ‘ಸಾರೋ’ ಕಿವಿಗೆ ಇದರದೇ ರೂಪದಂತೆ ಕೇಳಿಸಿದರೂ ಅದರ ಮೂಲ ಬೇರೆ. ಹೀಗಾಗಿ ‘ಸಾರಿ’ ಮೊದಲು ಹೇಳುವುದು ನನಗೆ ನೋವಾಗಿದೆ ಎಂಬುದನ್ನು ಮಾತ್ರ. ನಮ್ಮ ‘ಕ್ಷಮಿಸಿ’ ಎದುರಿನವರಿಂದ ಒಂದನ್ನು ಬೇಡುತ್ತದೆ. ‘ತಪ್ಪಾಯಿತು’ ಎಂಬುದು ನಡೆದ ತಪ್ಪನ್ನು ಒಪ್ಪಿ ಅವರ ಮುಂದಿಡುತ್ತದೆ. ‘ಸಾರಿ’ ಈ ಎರಡನ್ನೂ ಮಾಡದೆ ಇರಬಲ್ಲದು. ಈ ವ್ಯತ್ಯಾಸ ಅರಿವಾಗುವವರೆಗೆ ನಾನು ಈ ದೇಶದ ಜನರ ಎಷ್ಟೋ ಮಾತುಗಳನ್ನು ತಪ್ಪಾಗಿ ಕೇಳಿಸಿಕೊಂಡಿದ್ದೆ.

ಬೆಳಗಿನ ರೈಲಿನಲ್ಲಿ ಪ್ಯಾರಮಟ್ಟಾದಿಂದ ಸೆಂಟ್ರಲ್ ನಿಲ್ದಾಣದವರೆಗೆ ಈ ಪದ ಎಷ್ಟು ವೇಷಗಳಲ್ಲಿ ಕೇಳಿಸುತ್ತದೆ! ಬಾಗಿಲ ಬಳಿ ಅಂದರೆ ‘ಸ್ವಲ್ಪ ದಾರಿ ಬಿಡಿ’. ದನಿಯನ್ನು ಕೊನೆಯಲ್ಲಿ ಏರಿಸಿದರೆ ‘ಏನಂದಿರಿ?’, ಮಾತಿನ ನಡುವೆ ಬಂದರೆ ‘ಅಲ್ಲ, ನಾನು ಹೇಳಬೇಕೆಂದದ್ದು ಇದು’, ಅಂಗಡಿಯವನು ತಲೆಯಾಡಿಸುತ್ತ ಹೇಳಿದರೆ ‘ಆ ಸಾಮಾನು ಇಲ್ಲ’. ಒಮ್ಮೆ ಜನಜಂಗುಳಿಯಲ್ಲಿ ನಾನು ಒಬ್ಬರ ಕಾಲು ತುಳಿದೆ. ನನಗಿಂತ ಮೊದಲು ತುಳಿಸಿಕೊಂಡವರೇ ‘ಸಾರಿ’ ಎಂದರು. ಊರಿನಲ್ಲಿ ಕಾಲು ತಾಗಿದರೆ ತಾಗಿದವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನನ್ನ ಕೈಗಿದೆ. ಇಲ್ಲಿ ಆ ಕೈ ಅರ್ಧಕ್ಕೆ ನಿಂತು, ಬಾಯಿಗೆ ಅದೇ ಪದ ಬಂತು.

ನಮ್ಮ ವೃತ್ತಿಯಲ್ಲಿ ಈ ಪದದ ತೂಕ ಇನ್ನೂ ಹೆಚ್ಚು. ಆಸ್ಟ್ರೇಲಿಯದ ಆಸ್ಪತ್ರೆಗಳಿಗೆ 2013ರಲ್ಲಿ ರೂಪಿಸಿದ ಮಾರ್ಗಸೂಚಿಯೊಂದು, ಚಿಕಿತ್ಸೆಯಲ್ಲಿ ರೋಗಿಗೆ ಹಾನಿಯಾದಾಗ ನಡೆದದ್ದನ್ನು ಮುಚ್ಚಿಡದೆ ಹೇಳಬೇಕೆಂದೂ, ಆ ಮಾತಿನಲ್ಲಿ ‘ಐ ಆಮ್ ಸಾರಿ’ ಅಥವಾ ‘ವಿ ಆರ್ ಸಾರಿ’ ಎಂಬ ಶಬ್ದಗಳೇ ಇರಬೇಕೆಂದೂ ಸೂಚಿಸುತ್ತದೆ. ಹಾಗೆ ಹೇಳಿದರೆ ನಾಳೆ ನ್ಯಾಯಾಲಯದಲ್ಲಿ ಅದೇ ತಪ್ಪೊಪ್ಪಿಗೆಯಾಗದೇ ಎಂಬ ಭಯ ನನಗಿತ್ತು. ಆದರೆ ನ್ಯೂ ಸೌತ್ ವೇಲ್ಸ್ ರಾಜ್ಯದ 2002ರ ನಾಗರಿಕ ಹೊಣೆಗಾರಿಕೆ ಕಾಯಿದೆಯ ಪ್ರಕಾರ, ಅಂಥ ಪ್ರಕರಣಗಳಲ್ಲಿ ಹೇಳಿದ ಕ್ಷಮಾಪಣೆಯನ್ನು ಹೊಣೆಯ ಒಪ್ಪಿಗೆಯೆಂದು ಎಣಿಸುವಂತಿಲ್ಲ. ಭಯವಿದ್ದಲ್ಲಿ ಮನುಷ್ಯರು ಮೌನವಾಗುತ್ತಾರೆ, ಆ ಮೌನ ನೊಂದವರನ್ನು ಮತ್ತಷ್ಟು ನೋಯಿಸುತ್ತದೆ. ಆದ್ದರಿಂದ ಈ ರಕ್ಷಣೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ಆದರೂ ನೋವನ್ನು ಹೇಳುವುದಕ್ಕೂ ತಪ್ಪನ್ನು ಒಪ್ಪುವುದಕ್ಕೂ ನಡುವಿನ ಈ ಅಂತರವೇ ಒಂದು ಕಾಲಕ್ಕೆ ಇಡೀ ದೇಶವನ್ನು ಕಾಡಿದೆ. 1910ರಿಂದ 1970ರವರೆಗೆ ಮೂಲನಿವಾಸಿಗಳ ಅಸಂಖ್ಯ ಮಕ್ಕಳನ್ನು ಸರ್ಕಾರಗಳು ಮತ್ತು ಚರ್ಚುಗಳು ತಾಯಿ ತಂದೆಯರಿಂದ ಬೇರ್ಪಡಿಸಿದ್ದವು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳು ಹೀಗೆ ಹೋದರೆಂದು 1997ರ ಮೇ 26ರಂದು ಸಂಸತ್ತಿನ ಮುಂದೆ ಬಂದ ವಿಚಾರಣಾ ವರದಿ ಹೇಳಿತು. ಕ್ಷಮೆ ಕೇಳಬೇಕೆಂದೂ ಶಿಫಾರಸು ಮಾಡಿತು. ಹಿಂದಿನವರ ಕೃತ್ಯದ ಹೊಣೆಯನ್ನು ಇಂದಿನವರು ಹೊರಬೇಕಿಲ್ಲವೆಂದ ಪ್ರಧಾನಿ ಜಾನ್ ಹೋವರ್ಡ್, 1999ರ ನಿರ್ಣಯದಲ್ಲಿ ‘ಆಳವಾದ, ಪ್ರಾಮಾಣಿಕ ವಿಷಾದ’ವನ್ನು ಸೂಚಿಸಿದರೇ ಹೊರತು ‘ಸಾರಿ’ ಎನ್ನಲಿಲ್ಲ. ಜನರು ಬಯಸಿದ್ದು ಆ ಎರಡಕ್ಷರವನ್ನೇ. 2000ದ ಮೇ 28ರಂದು ಸಿಡ್ನಿ ಹಾರ್ಬರ್ ಸೇತುವೆಯ ಮೇಲೆ ಸುಮಾರು ಎರಡೂವರೆ ಲಕ್ಷ ಜನ ನಡೆದಾಗ, ಮೇಲೆ ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ಬರೆದದ್ದೂ ಅದನ್ನೇ. ಕೊನೆಗೆ 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಕ್ಯಾನ್‌ಬೆರಾದ ಸಂಸತ್ತಿನಲ್ಲಿ ಮಂಡಿಸಿದ ನಿರ್ಣಯದಲ್ಲಿ ‘ವಿ ಸೇ ಸಾರಿ’ ಎಂಬುದು ಮೂರು ಬಾರಿ ಬಂತು. ಅದರ ಚಿತ್ರಮುದ್ರಿಕೆಯನ್ನು ನಾನು ಹಲವು ಸಲ ನೋಡಿದ್ದೇನೆ. ಮೇಲಿನ ಗ್ಯಾಲರಿಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುವ ಹಿರಿಯರ ಮುಖಗಳು ಪ್ರತಿಸಲವೂ ನನ್ನನ್ನು ತಡೆದು ನಿಲ್ಲಿಸುತ್ತವೆ.

ಇವೆಲ್ಲ ತಿಳಿದ ಮೇಲೂ ಈ ಪದ ಮತ್ತೊಮ್ಮೆ ನನ್ನನ್ನು ತಪ್ಪುದಾರಿಗೆ ಎಳೆಯಿತು. ಒಂದು ಸೋಮವಾರ ಕೆಲಸದ ಪಾಳಿಪಟ್ಟಿಯಲ್ಲಿ, ಮೂಲನಿವಾಸಿ ಸಮುದಾಯದ ಆರೋಗ್ಯ ಕಾರ್ಯಕರ್ತೆಯೊಬ್ಬರ ಹೆಸರಿನ ಮುಂದೆ ‘ಸಾರಿ ಬಿಸಿನೆಸ್’ ಎಂದು ಬರೆದಿತ್ತು. ಅವರ ಮೇಲೆ ಏನೋ ದೂರು ಬಂದು ವಿಚಾರಣೆ ನಡೆಯುತ್ತಿರಬಹುದೆಂದು ಭಾವಿಸಿ ನಾನು ಎರಡು ದಿನ ಯಾರನ್ನೂ ಕೇಳದೆ ಕಳವಳಪಟ್ಟೆ. ಮೂಲನಿವಾಸಿಗಳ ಇಂಗ್ಲಿಷಿನಲ್ಲಿ ಅದಕ್ಕೆ ಸಾವಿನ ನಂತರದ ಶೋಕಾಚರಣೆ ಎಂದರ್ಥ. ಬಂಧುಗಳು ದೂರದೂರದಿಂದ ಬಂದು ಸೇರುತ್ತಾರೆ. ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತದೆ. ಅನೇಕ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರನ್ನು ಆಡುವುದೂ ಇಲ್ಲ, ಚಿತ್ರವನ್ನು ತೋರಿಸುವುದೂ ಇಲ್ಲ. ಇಲ್ಲಿನ ದೂರದರ್ಶನದಲ್ಲಿ ಕಾರ್ಯಕ್ರಮಕ್ಕೆ ಮೊದಲು ಬರುವ ಎಚ್ಚರಿಕೆಯ ಸಾಲಿನ ಕಾರಣವೂ ಅದೇ. ಯಾರ ತಪ್ಪೂ ಅಲ್ಲಿಲ್ಲ. ಬೇರಿನಲ್ಲಿದ್ದ ನೋವು ಆ ಬಳಕೆಯಲ್ಲಿ ಹಾಗೆಯೇ ಉಳಿದುಕೊಂಡಿದೆ.

ನಮ್ಮ ಕಡೆ ಸಾವಾದ ಮನೆಗೆ ‘ಮಾತಾಡಿಸಿಕೊಂಡು ಬರಲು’ ಹೋಗುತ್ತೇವೆ. ಹೋದವರು ಹೆಚ್ಚು ಮಾತಾಡುವುದಿಲ್ಲ, ಜಗಲಿಯ ಮೇಲೆ ಒಂದಿಷ್ಟು ಹೊತ್ತು ಕುಳಿತು ಎದ್ದು ಬರುತ್ತಾರೆ. ಎರಡು ವಾರದ ನಂತರ ಆಕೆ ಕೆಲಸಕ್ಕೆ ಮರಳಿದಾಗ ನಾನು ತೀರಿಕೊಂಡವರು ಯಾರೆಂದು ಕೇಳಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು, ‘ಐ ಆಮ್ ಸಾರಿ’ ಎಂದೆ. ಅವರು ತಮ್ಮ ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಸುರಿದು, ಒಂದನ್ನು ನನ್ನ ಕಡೆಗೆ ಸರಿಸಿದರು.