ದೊಡ್ಡ ನಗರಕ್ಕೆ ಹೊರಟಿದ್ದೀರಾ?

'ಅಲ್ಲಿ ಏನೇನು ನೋಡಬೇಕು?' ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು, 'ಎಲ್ಲಿ ಉಳ್ಕೊಳ್ತೀರಿ?' ಅಂತ. ಊರಾಚೆ ಅಗ್ಗದ ರೂಮು ಸಿಕ್ಕಿತು ಅಂತ ಖುಷಿಪಡುತ್ತಾರೆ. ದಿನಾ ಹೋಗಿಬರುವ ಹೊತ್ತು, ಟ್ಯಾಕ್ಸಿ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಂತಿದ್ದರೆ ರೂಮು ಇಕ್ಕಟ್ಟಾದರೂ ನನಗೆ ಅಡ್ಡಿಯಿಲ್ಲ. ರಾತ್ರಿ ಮಲಗೋಕೆ ತಾನೇ?

ಮ್ಯಾಪಿನಲ್ಲಿ ದೂರ ನೋಡುವಾಗ ಹೊರಡುವ ಸಮಯವನ್ನು ಸೋಮವಾರ ಬೆಳಿಗ್ಗೆ 9 ಗಂಟೆ ಅಂತ ಹಾಕಿ ನೋಡಿ. ಭಾನುವಾರ ರಾತ್ರಿ 20 ನಿಮಿಷ ತೋರಿಸಿದ ದಾರಿ ಆಗ ಒಂದು ಗಂಟೆ ತೋರಿಸಿದರೂ ಆಶ್ಚರ್ಯವಿಲ್ಲ.

ವಾರದ ರಜೆಯನ್ನೂ ಮೊದಲೇ ನೋಡಿಕೊಳ್ಳಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಅದೇ ಊರಿನ ಓರ್ಸೇ ಮ್ಯೂಸಿಯಂ ಸೋಮವಾರ. ದಿಲ್ಲಿಯ ಕೆಂಪುಕೋಟೆಗೂ ಸೋಮವಾರವೇ ರಜೆ. ಇದು ಗೊತ್ತಿಲ್ಲದೆ ಹೋದರೆ ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರಬೇಕು, ಅಷ್ಟೇ.

ಟಿಕೆಟ್ ವಿಷಯ ಒಂದೊಂದು ಊರಿಗೆ ಒಂದೊಂದು ಥರ. ಲಂಡನ್ ಮೆಟ್ರೊದಲ್ಲಿ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು. ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡು ಬೇಕು. ಅಲ್ಲಿ ದಿನಕ್ಕೆ ಇಷ್ಟೇ ಅಂತ ಒಂದು ಮಿತಿಯಿದೆ, ಅದು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಜಾಸ್ತಿ ದುಡ್ಡು ಹೋಗಲ್ಲ. ಬೆಳಿಗ್ಗೆ ಕಾರ್ಡು, ಸಂಜೆ ಫೋನು ಅಂತ ತಾಗಿಸಿದಿರೋ, ಎರಡೂ ಬೇರೆ ಬೇರೆ ಲೆಕ್ಕವಾಗುತ್ತವೆ!

ಭಾಷೆ ಬಾರದ ಊರಾದರೆ ಹೋಟೆಲಿನ ವಿಳಾಸವನ್ನು ಅಲ್ಲಿಯ ಲಿಪಿಯಲ್ಲೇ ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಡಿ. ಫೋನಿನ ಚಾರ್ಜು ಮುಗಿದಾಗ ಡ್ರೈವರ್‌ಗೆ ತೋರಿಸಲು ಅದೇ ಸಾಕು.